ಬಾಯಾರ, ಯಾವ ಸಾಲಿಗೆ ಹಾಕ್ಲಿ?

ಮೊನ್ನೆ ಸಂಕ್ರಮಣದ ದಿವಸ ಸಂಜೀಮುಂದ ನಮ್ಮನಿ ಕೆಲಸಕ್ಕ ಬರೋ ಬಾಯಿ ತನ್ನ ಮಗಳನ್ನ ಕರಕೊಂಡು ಬಂದಿದ್ಲು. ಹುಡುಗಿ ನನ್ನ ಕೈಯಾಗ ಕುಸುರೆಳ್ಳು ಕೊಟ್ಟು, ಕಾಲಿಗೆ ನಮಸ್ಕಾರ ಮಾಡಿ, ಪಡಸಾಲ್ಯಾಗ ಹೋಗಿ ಟಿ.ವಿ. ಮುಂದ ಕೂತ್ಲು. ಅವರವ್ವ ಮಾತ್ರ ಅಡಗಿಮನಿ ಬಾಗಲದಾಗ ನಿಂತು, ಸೆರಗಿನ ಚುಂಗು ತಿರುವಿಕೋತ, ‘ಬಾಯಾರ, ಜೂನಿಗೆ ಎಂಟನೇತ್ತಾರಿ. ಈಗ ಯಾವ ಸಾಲಿಗೆ ಹಾಕ್ಲಿರಿ?’ ಅಂದ್ಲು.

ಇದ ಪ್ರಶ್ನಿ ಆಕಿ ನನಗ 2019ರಾಗೂ ಕೇಳಿದ್ಲು. ಆವಾಗ ನಾ ಒಂದು ನಿಮಿಷಾನೂ ವಿಚಾರ ಮಾಡಲಾರದ ಉತ್ತರ ಕೊಟ್ಟಿದ್ದೆ. ಈ ಸಲ ‘ತಡಿಯವಾ, ಎರಡ ದಿನಾ ವಿಚಾರ ಮಾಡಿ ಹೇಳ್ತೀನಿ’ ಅಂದೆ. ಯಾಕಂದ್ರ ಈ ಏಳು ವರ್ಷದಾಗ ಆ ಹುಡುಗಿ ಕಲ್ತದ್ದು ಒಂದು ಪಾಲು ಆದ್ರ, ನಾ ಕಲ್ತದ್ದು ಎರಡು ಪಾಲು. ನಮ್ಮ ಓಣ್ಯಾಗ, ನಮ್ಮ ಬಳಗದಾಗ, ಪ್ರತಿ ಮನ್ಯಾಗೂ ಒಂದಿಲ್ಲೊಂದು ಕೂಸಿನ ಸಾಲಿ ಚಿಂತಿ ಇದ್ದದ್ದ. ಅದಕ್ಕ ಅದನ್ನೆಲ್ಲಾ ಒಮ್ಮೆ ನಿಮ್ಮ ಮುಂದ ಹೇಳಿ ಹಗರ ಆಗೋಣಂತ ಬರೀಲಿಕ್ಕೆ ಕೂತೇನಿ.

2019ರ ಜನವರಿ ನಿಮಗ ನೆನಪಿರಬೇಕು. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಆವಾರದಾಗ 84ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಆತು, 4ರಿಂದ 6ರ ತನಕಾ ಮೂರು ದಿವಸ. ಚಂದ್ರಶೇಖರ ಕಂಬಾರರು ಅಧ್ಯಕ್ಷರು. ನಾನೂ ನಮ್ಮ ವೈನೀನೂ ಮೂರೂ ದಿನಾ ಬುತ್ತಿ ಕಟಗೊಂಡು ಹೋಗಿದ್ವಿ. ಬುತ್ತಿ ಯಾಕಂದ್ರ ಊಟದ ಪಾಳಿ ನೋಡಿಯೇ ನಮ್ಮ ಹಸಿವಿ ಹಾರಿ ಹೋಗಿತ್ತು. ಆಗ ರಾಜ್ಯ ಸರ್ಕಾರದವರು ಒಂದು ಸಾವಿರ ಸರ್ಕಾರಿ ಸಾಲ್ಯಾಗ ಒಂದನೇತ್ತಾದಿಂದ ಇಂಗ್ಲಿಷ್ ಮಾಧ್ಯಮ ಶುರು ಮಾಡ್ಲಿಕ್ಕೆ ಹೊಂಟಿದ್ರು. ಸಮ್ಮೇಳನದ ತುಂಬ ಅದರದ್ದ ಮಾತು. ಅಧ್ಯಕ್ಷರೂ ಇದು ಬ್ಯಾಡ ಅಂದ್ರು, ಮಂದೀನೂ ಬ್ಯಾಡ ಅಂತು. ನಾ ಅಂತೂ ಕೈ ಕೆಂಪಾಗೋ ಹಂಗ ಚಪ್ಪಾಳಿ ಹೊಡದೆ.

ನಾ ಹೊಡೀಲಿಲ್ಲಂದ್ರ ಯಾರು ಹೊಡೀಬೇಕು? ನಮ್ಮಪ್ಪ ಕನ್ನಡ ಸಾಲಿ ಮಾಸ್ತರು. ಮುಂಬಯಿ ಸರ್ಕಾರದ ಕಾಲದಾಗ ಈ ಭಾಗದ ಸಾಲ್ಯಾಗ ಮರಾಠಿ ಹೆಂಗ ತುಂಬಿಕೊಂಡಿತ್ತು, ಡೆಪ್ಯುಟಿ ಚನ್ನಬಸಪ್ಪನವರು ಹೆಂಗ ಊರೂರಿಗೆ ಕನ್ನಡ ಸಾಲಿ ತೆಗಸಿದ್ರು ಅನ್ನೋದನ್ನ ಅಪ್ಪ ರಾತ್ರಿ ಊಟಕ್ಕ ಕೂತಾಗ ಪುರಾಣ ಹೇಳಿದಂಗ ಹೇಳಾಂವ. 1982ರಾಗ ಗೋಕಾಕ ಚಳವಳಿ ಆದಾಗ ಬಿಸಲಾಗ ಮೆರವಣಿಗಿ ಹೋಗಿ ಬಂದು ಎರಡ ದಿನಾ ಜ್ವರಾ ಬಂದು ಮಲಗಿದ್ದಾಂವ. ಅಂಥಾ ಮನಿ ಮಗಳು ನಾ.

ಸಮ್ಮೇಳನ ಮುಗದು ನಾಲ್ಕು ತಿಂಗಳಾಗಿರಬೇಕು. ಮೇ ತಿಂಗಳ ಬಿಸಲಾಗ ಹಿತ್ತಲದಾಗ ಭಾಂಡೆ ತಿಕ್ಕಿಕೋತ ಆಕಿ ಕೇಳಿದ್ಲು. ‘ಬಾಯಾರ, ಹುಡುಗೀನ್ನ ಯಾವ ಸಾಲಿಗೆ ಹಾಕ್ಲಿರಿ?’

‘ಅದರಾಗೇನು ಕೇಳ್ತಿ? ಕನ್ನಡ ಸಾಲಿಗೆ ಹಾಕು. ತಾಯಿ ಭಾಷಾದಾಗ ಕಲತ್ರ ಲಗೂನ ತಲಿಗೆ ಹೋಗ್ತದ.’

ಆಕಿ ಗಂಗಾಳಾ ಬದಿಗೆ ಇಟ್ಟು ನಕ್ಕು ಬಿಟ್ಲು. ‘ನಮ್ಮ ತಾಯಿ ಭಾಷಾ ಕನ್ನಡ ಎಲ್ಲೈತ್ರಿ ಬಾಯಾರ? ನಾವು ಲಂಬಾಣ್ಯಾರು. ನಮ್ಮನ್ಯಾಗ ಅವ್ವಗ ಯಾಡಿ ಅಂತೇವ್ರಿ, ನೀರಿಗೆ ಪಾಣಿ ಅಂತೇವ್ರಿ. ಈ ಹುಡುಗಿ ಕನ್ನಡಾ ಕಲ್ತದ್ದ ಓಣಿಯೊಳಗ ಆಡಿ.’

ನಾಲ್ಕು ವರ್ಷದಿಂದ ಆಕಿ ನಮ್ಮನಿಗೆ ಬರ್ತಿದ್ಲು. ಮಗಳ ಜೋಡಿ ಬ್ಯಾರೆ ಏನೋ ಮಾತಾಡೋದು ನನ್ನ ಕಿವಿಗೆ ಬಿದ್ದಿತ್ತು. ಆದ್ರ ಅದಕ್ಕೊಂದು ಹೆಸರದ, ಅದು ಒಬ್ಬಾಕಿ ತಾಯಿ ಭಾಷಾ ಅದ ಅಂತ ನನ್ನ ತಲ್ಯಾಗ ಬಂದಿದ್ದಿಲ್ಲ. ನಾ ಏನರೆ ಅನ್ನೋದರಾಗ ಆಕಿ ಮತ್ತ ಕೇಳಿದ್ಲು, ಕುಚೋದ್ಯಕ್ಕಲ್ಲ, ಖರೇನ ತಿಳಕೊಳ್ಳೋ ಸಲುವಾಗಿ.

‘ನಿಮ್ಮ ಮಗಾರು ಯಾವ ಸಾಲಿ ಕಲ್ತಾರ್ರಿ?’

ಈಗ ನನ್ನ ಕಥಿ ಹೇಳಬೇಕು. ಇದನ್ನ ನಮ್ಮ ಬಳಗದಾಗ ಅರ್ಧಾ ಮಂದಿಗೆ ಹೇಳಿಲ್ಲ.

ನಾ ಹತ್ತನೇತ್ತಾದ ತನಕಾ ಕನ್ನಡದಾಗ ಕಲ್ತಾಕಿ. ಇಂಗ್ಲಿಷು ಐದನೇತ್ತಾದಿಂದ ಒಂದು ವಿಷಯ ಅಂತ ಇತ್ತು, ಅಷ್ಟ. ಗಣಿತ, ವಿಜ್ಞಾನ ಅಂದ್ರ ನನಗ ಜೀವ. ಎಸ್ಸೆಸ್ಸೆಲ್ಸಿ ಛಲೋ ಪಾಸಾದೆ, ಪಿ.ಯು.ಸಿ.ಗೆ ಸೈನ್ಸ್ ತಗೊಂಡೆ. ಮೊದಲನೇ ದಿವಸದಿಂದ ಕಣ್ಣಿಗೆ ಕತ್ತಲಿ ಬಂದಂಗಾತು. ಜಡತ್ವ ಅಂದ್ರ ನನಗ ಗೊತ್ತು, ಇನರ್ಷಿಯಾ ಅಂದ್ರ ಗೊತ್ತಿಲ್ಲ. ಸಂವೇಗ ಗೊತ್ತು, ಮೊಮೆಂಟಮ್ ಗೊತ್ತಿಲ್ಲ. ರಾತ್ರಿ ನಿಘಂಟು ಇಟಗೊಂಡು ಒಂದೊಂದ ಶಬ್ದ ಹುಡುಕಿ ಪುಸ್ತಕದಾಗ ಸೀಸಾಕಡ್ಡಿಲೆ ಬರಕೋತಿದ್ದೆ. ನಾಲ್ಕು ಪಾನು ಓದೋದರಾಗ ಹನ್ನೆರಡು ಹೊಡೀತಿತ್ತು. ಒಂದಿನಾ ಕ್ಲಾಸಿನ್ಯಾಗ ಪ್ರೊಫೆಸರ್ ಪ್ರಶ್ನಿ ಕೇಳಿದ್ರು. ಉತ್ತರಾ ನನಗ ಬರ್ತಿತ್ತು. ಎದ್ದು ನಿಂತು ಕನ್ನಡದಾಗ ಹೇಳ್ದೆ. ಇಡೀ ಕ್ಲಾಸು ನಕ್ತು. ಉತ್ತರಾ ತಪ್ಪಿತ್ತು ಅಂತ ಅಲ್ಲ. ಪ್ರೊಫೆಸರೂ ನಕ್ಕು ‘ಸಿಟ್ ಡೌನ್’ ಅಂದ್ರು.

ಆ ತಿಂಗಳು ಮುಗಿಯೋದರಾಗ ನಾ ಆರ್ಟ್ಸಿಗೆ ಬದಲಿ ಮಾಡಿಸಿಕೊಂಡೆ. ಮನ್ಯಾಗ ‘ಪ್ರ್ಯಾಕ್ಟಿಕಲ್ ಇದ್ರ ಸಂಜೀಕ ಹೊತ್ತಾಗ್ತದ, ಅದಕ್ಕ’ ಅಂತ ಹೇಳಿದೆ. ಅಪ್ಪಗ ಖರೇ ಸಂಗತಿ ತಿಳಿದಿತ್ತೋ ಏನೋ, ಅಂವಾ ಕೇಳಲಿಲ್ಲ, ನಾ ಹೇಳಲಿಲ್ಲ.

ಮಗಾ ಹುಟ್ಟಿದಾಗ ಅವತ್ತ ನಿಶ್ಚಯ ಮಾಡಿದ್ದೆ, ಇಂವಗ ಆ ನಗಿ ಕೇಳಿಸಬಾರದು ಅಂತ. 1992ರಾಗ ಊರಾಗಿನ ಒಂದು ಇಂಗ್ಲಿಷ್ ಮಾಧ್ಯಮದ ಸಾಲಿಗೆ ಹಾಕಿದೆ. ಅಲ್ಲೆ ಕನ್ನಡ ಮಾತಾಡಿದ್ರ ಒಂದು ರೂಪಾಯಿ ದಂಡ. ವಾರದಾಗ ಎರಡ ಮೂರ ಸಲ ಅಂವಾ ದಂಡಾ ಕಟ್ಟಿ ಬರಾಂವ. ನಾ ನಕ್ಕೋತ ಕೊಟ್ಟು ಕಳಸ್ತಿದ್ದೆ. ನಮ್ಮಪ್ಪನ ಮುಂದ ಮಾತ್ರ ಹೇಳ್ತಿದ್ದಿಲ್ಲ. ಈಗ ಮಗಾ ಬೆಂಗಳೂರಾಗ ದೊಡ್ಡ ಕಂಪನ್ಯಾಗ ಇದ್ದಾನ, ಎಲ್ಲೂ ಅಂಜಲಾರದ ಮಾತಾಡ್ತಾನ. ಅದು ಲಾಭ, ನಾ ಸುಳ್ಳ್ಯಾಕ ಹೇಳ್ಲಿ. ನುಕ್ಸಾನದ ಲೆಕ್ಕಾನೂ ಹೇಳಬೇಕಲ್ಲ? ಅಪ್ಪ ಅಂವನ ಪ್ರತಿ ಹುಟ್ಟಿದ ಹಬ್ಬಕ್ಕೂ ಒಂದೊಂದು ಕಾರ್ಡು ಬರೀತಿದ್ದ, ದುಂಡಗನ್ನ ಮಾಸ್ತರ ಅಕ್ಷರದಾಗ. ಹದಿನೇಳು ಕಾರ್ಡು ನನ್ನ ಟ್ರಂಕಿನ್ಯಾಗ ಅವ. ಅಂವಾ ಒಂದನ್ನೂ ತಾನಾಗಿ ಓದಲಿಲ್ಲ. ‘ಆಯಿ, ಓದಿ ಹೇಳು’ ಅಂತಿದ್ದ, ನಾ ಅಡಗಿ ಮಾಡಿಕೋತ ಲಗು-ಲಗು ಓದಿ ಮುಗಸ್ತಿದ್ದೆ.

ಇಷ್ಟೆಲ್ಲಾ ಆ ಬಾಯಿ ಮುಂದ ಹೇಳಲಿಲ್ಲ. ‘ಅಂವಾ ಇಂಗ್ಲಿಷ್ ಸಾಲಿಗೆ ಹೋಗಿದ್ದ’ ಅಂದೆ.

‘ಹಂಗಾರ ನಮ್ಮ ಹುಡುಗಿಗೂ ಅದ ಬೇಕ್ರಿ’ ಅಂದು ಆಕಿ ಮತ್ತ ಗಂಗಾಳಾ ತಿಕ್ಕಲಿಕ್ಕೆ ಹತ್ತಿದ್ಲು.

ಆಕಿ ನೋಡಿ ಬಂದಿದ್ದ ಖಾಸಗಿ ಸಾಲ್ಯಾಗ ವರ್ಷಕ್ಕ 22,000 ಫೀ. ಪುಸ್ತಕ, ಬೂಟು, ಟೈ ಎಲ್ಲಾ ಬ್ಯಾರೆ. ನಾಲ್ಕು ಮನಿ ಕೆಲಸಾ ಮಾಡಿ ಆಕಿಗೆ ಬರೋದು ತಿಂಗಳಿಗೆ 6,000. ಸಂಘದಾಗ ಸಾಲಾ ತಗೀತೀನಿ ಅಂತಿದ್ಲು. ಅವಾಗ ನಮ್ಮ ಓಣಿ ಹಿಂದಿನ ಸರ್ಕಾರಿ ಸಾಲ್ಯಾಗ ಇಂಗ್ಲಿಷ್ ವಿಭಾಗ ಶುರು ಆಗೇದ ಅಂತ ತಿಳೀತು. ನಾ ಚಪ್ಪಾಳಿ ಹೊಡದು ಬ್ಯಾಡ ಅಂದಿದ್ದೆನಲ್ಲ, ಆ ಸಾವಿರದಾಗಿನ ಒಂದು ಸಾಲಿ ನಮ್ಮ ಹಿತ್ತಲ ಗ್ವಾಡಿಗೇ ಬಂದಿತ್ತು. ಹುಡುಗೀನ್ನ ಹೆಸರ ಹಚ್ಚಲಿಕ್ಕೆ ಆಕಿ ಜೋಡಿ ನಾನ ಹೋಗಿ ಬಂದೆ.

ಸಾಲಿ ಸ್ವಚ್ಛ ಇತ್ತು, ಬಿಸಿಊಟ ಇತ್ತು. ಅಕ್ಕೋರು ಭಾಳ ಛಲೋ ಹೆಣ್ಣುಮಗಳು. ತಾವೂ ಕನ್ನಡ ಸಾಲ್ಯಾಗ ಕಲ್ತವರು. ಕೆಲವು ದಿವಸ ತರಬೇತಿ ಕೊಟ್ಟು ಇಂಗ್ಲಿಷ್ ವಿಭಾಗಕ್ಕ ಹಚ್ಚಿದ್ರು. ‘ಖರೇ ಹೇಳ್ಬೇಕಂದ್ರ ನಾನೂ ಮುಂಜಾನೆ ಐದಕ್ಕ ಎದ್ದು ಓದಿಕೊಂಡ ಬರ್ತೀನ್ರಿ’ ಅಂದ್ರು. ಹಂಗ ಬಾಯಿ ಬಿಚ್ಚಿ ಹೇಳಿದ್ದಕ್ಕ ನನಗ ಅವರ ಮ್ಯಾಲೆ ಭಕ್ತಿ ಬಂತು.

ಡಿಸೆಂಬರ್ ಹೊತ್ತಿಗೆ ಒಂದಿನಾ ಆಕಿ ಅಳೂ ಮಾರಿ ಮಾಡಿಕೊಂಡು ಬಂದ್ಲು. ‘ಬಾಯಾರ, ಹುಡುಗಿ ಲೆಕ್ಕದಾಗ ದಡ್ಡ ಆಗೇತ್ರಿ. ಎಲ್ಲಾದಕ್ಕೂ ಕೆಂಪು ಗೆರಿ.’ ನಾ ಪಾಟೀಚೀಲಾ ತಗಸಿ ನೋಡಿದೆ. ಒಂದು ಗಿಡದ ಚಿತ್ರ. ಎಂಟು ಹಕ್ಕಿ ಕೂತಾವ, ಮೂರು ಹಾರಿ ಹೋದು. ‘ಹೌ ಮೆನಿ ಆರ್ ಲೆಫ್ಟ್?’ ಅಂತ ಪ್ರಶ್ನಿ. ಹುಡುಗಿ ಎರಡು ಅಂತ ಬರದಿತ್ತು.

‘ಎರಡು ಹೆಂಗ ಬಂತು, ನನಗ ತೋರಸು’ ಅಂದೆ.

ಆಕಿ ಚಿತ್ರದಾಗ ಗಿಡದ ಎಡಗಡೆ ಟೊಂಗಿ ಮ್ಯಾಲೆ ಕೂತಿದ್ದ ಎರಡು ಹಕ್ಕಿ ಮುಟ್ಟಿ ತೋರಿಸಿದ್ಲು. ಸಾಲ್ಯಾಗ ಕವಾಯತು ಮಾಡಿಸುವಾಗ ಲೆಫ್ಟ್-ರೈಟ್ ಕಲಿಸಿದ್ರು. ಲೆಫ್ಟ್ ಅಂದ್ರ ಎಡಗೈ. ಎಡಗಡೆ ಎಷ್ಟು ಹಕ್ಕಿ ಅವ ಅಂತ ಎಣಿಸಿ ಬರದಾಳ, ಆಕೀದೇನು ತಪ್ಪು? ‘ಎಂಟು ಹಕ್ಕಿ ಇದ್ದು, ಮೂರು ಹಾರಿ ಹೋದು, ಎಷ್ಟು ಉಳದು?’ ಅಂತ ಕೇಳಿದೆ. ಬಟ್ಟು ಸೈತ ಮಡಚಲಿಲ್ಲ, ‘ಐದು’ ಅಂತು ಹುಡುಗಿ.

ಅವತ್ತ ರಾತ್ರಿ ನನಗ ನಿದ್ದಿ ಬರಲಿಲ್ಲ. ನಲವತ್ತು ವರ್ಷದ ಹಿಂದ ನನಗಾದದ್ದ ಈ ಆರು ವರ್ಷದ ಕೂಸಿಗೆ ಆಗಲಿಕ್ಕೆ ಹತ್ತೇದಲ್ಲ ಅನಸ್ತು. ನನಗ ಹದಿನಾರನೇ ವರ್ಷಕ್ಕ ಬಂದ ಅಡ್ಡಿ ಆಕಿಗೆ ಆರನೇ ವರ್ಷಕ್ಕ ಬಂತು. ನನಗರೆ ಲೆಕ್ಕಾ ಬರ್ತದ ಅಂತ ಗೊತ್ತಿತ್ತು. ಆಕಿಗೆ ತನಗ ಲೆಕ್ಕಾ ಬರೂದ ಇಲ್ಲ ಅಂತ ಅನಿಸಿಬಿಟ್ರ?

ಮರುದಿವಸ ಅಕ್ಕೋರ ಕಡೆ ಹೋಗಿ ಹೇಳಿದೆ. ಅವರು ಹಣಿ ಬಡಕೊಂಡ್ರು. ‘ನನಗ ಹೊಳೀಲೇ ಇಲ್ಲ ನೋಡ್ರಿ’ ಅಂದ್ರು. ಅವತ್ತಿನಿಂದ ಲೆಕ್ಕದ ಪ್ರಶ್ನಿ ಮೊದಲ ಕನ್ನಡದಾಗ ಕಥಿ ಹಂಗ ಹೇಳಿ, ಆಮ್ಯಾಲೆ ಇಂಗ್ಲಿಷಿನ್ಯಾಗ ಓದಸಲಿಕ್ಕೆ ಸುರು ಮಾಡಿದ್ರು. ಕೆಂಪು ಗೆರಿ ಕಡಿಮಿ ಆದು.

ಆದ್ರ ಕನ್ನಡ ಅಂದ ಮ್ಯಾಲೆ ಎಲ್ಲಾ ಸರಳ ಅಂತ ತಿಳೀಬ್ಯಾಡ್ರಿ. ಪುಸ್ತಕದ ಕನ್ನಡದಾಗ ಈರುಳ್ಳಿ ಇರ್ತದ, ನಮ್ಮ ಮನ್ಯಾಗ ಇರೂದು ಉಳ್ಳಾಗಡ್ಡಿ. ಪುಸ್ತಕದಾಗ ಮಕ್ಕಳು ಶಾಲೆಗೆ ಹೋಗ್ತಾರ, ನಮ್ಮ ಹುಡುಗೂರು ಸಾಲಿಗೆ ಹೋಗ್ತಾವ. ನಮಗ ಇದು ಒಂದು ಹೆಜ್ಜಿ, ಆಕಿಗೆ ಎರಡು ಹೆಜ್ಜಿ. ಮನ್ಯಾಗ ಲಂಬಾಣಿ, ಓಣ್ಯಾಗ ನಮ್ಮ ಕನ್ನಡ, ಪುಸ್ತಕದಾಗ ಬೆಂಗಳೂರ ಕಡೆ ಕನ್ನಡ, ಅದರ ಬಾಜೂಕ ಇಂಗ್ಲಿಷು. ನಾವು ‘ದ್ವಿಭಾಷಾ’ ಅಂತೀವಿ. ಆ ಕೂಸಿಗೆ ಅವು ನಾಲ್ಕು.

ಮುಂದ 2020ರ ಮಾರ್ಚ್‌ನಾಗ ಕೊರೊನಾ ಬಂತು, ಸಾಲಿ ಮುಚ್ಚಿದ್ರು. ಮೊದಲ ಎರಡು ತಿಂಗಳ ನಾವೂ ಆಕೀನ್ನ ಬರಬ್ಯಾಡ ಅಂದು ಪಗಾರ ಮುಟ್ಟಿಸಿದ್ವಿ. ಆಮ್ಯಾಲೆ ಆಕಿ ಕೆಲಸಕ್ಕ ಬಂದಾಗ ಹುಡುಗೀನೂ ಬರಲಿಕ್ಕೆ ಹತ್ತಿದ್ಲು, ಮನ್ಯಾಗ ಯಾರ ಕಡೆ ಬಿಡಬೇಕು? ಆ ವರ್ಷ ಆಗಸ್ಟ್‌ನಾಗ ವಿದ್ಯಾಗಮ ಅಂತ ಮಾಡಿ ಮಾಸ್ತರು ಅಕ್ಕೋರು ಗುಡಿ ಕಟ್ಟಿ ಮ್ಯಾಲೆ, ಗಿಡದ ಕೆಳಗ ಪಾಠಾ ಹೇಳಿದ್ರು. ಎರಡು ತಿಂಗಳಿಗೆ ಅದೂ ನಿಂತ್ತು. ಒಂದರಿಂದ ಐದನೇತ್ತಾದ ಸಾಲಿ ತಗದದ್ದು 2021ರ ಅಕ್ಟೋಬರ್ 25ಕ್ಕ. ಅಲ್ಲಿ ತನಕಾ ನಮ್ಮ ಮುಂಚಿ ಕಟ್ಟೀನ ಆಕಿ ಸಾಲಿ. ಸಣ್ಣ ಫೋನು ಇದ್ದ ಮನಿಗೆ ಆನ್‌ಲೈನ್ ಪಾಠ ಎಲ್ಲಿಂದ ಬರಬೇಕ್ರಿ?

ನಾ ಟೀಚರ್ ಅಲ್ಲ, ಡಿ.ಎಡ್., ಬಿ.ಎಡ್. ಏನೂ ಮಾಡಿಲ್ಲ. ಮೊದಮೊದಲ ಭಾಳ ತಪ್ಪು ಮಾಡಿದೆ. ಎಲ್ಲಕಿಂತ ದೊಡ್ಡ ತಪ್ಪು ಹೇಳ್ತೀನಿ ಕೇಳ್ರಿ. ತಾಯಿ ಮಗಳು ಲಂಬಾಣ್ಯಾಗ ಮಾತಾಡ್ಲಿಕ್ಕೆ ಹತ್ತಿದ್ರ ನಾ ‘ಏ, ಇಲ್ಲೆ ಕನ್ನಡಾ ಮಾತಾಡ್ರಿ, ನಮಗ ತಿಳಿಯೂದಿಲ್ಲ’ ಅಂತಿದ್ದೆ. ಹುಡುಗಿ ಗಪ್ಪಾಗಿ ಬಿಡ್ತಿತ್ತು. ಎಷ್ಟೋ ದಿವಸ ಆದ ಮ್ಯಾಲೆ ನನಗ ಮಗನ ಸಾಲಿ ಒಂದು ರೂಪಾಯಿ ದಂಡ ನೆನಪಾತು. ನಾ ರೊಕ್ಕಾ ಕೇಳ್ತಿದ್ದಿಲ್ಲ, ಅಷ್ಟ ಫರಕು.

ಅದು ತಿಳದದ್ದೂ ಒಂದು ಲೆಕ್ಕದಿಂದನ. ಅರ್ಧ, ಕಾಲು, ಮುಕ್ಕಾಲು ಕಲಿಸಲಿಕ್ಕೆ ಕೂತಿದ್ದೆ. ‘ಹಾಫ್’ ಅಂದ್ರ ತಿಳೀತು. ‘ಕ್ವಾರ್ಟರ್’ ತಿಳೀಲಿಲ್ಲ. ‘ಕ್ವಾರ್ಟರ್ ಅಂದ್ರ ಕಾಲು’ ಅಂದೆ. ಹುಡುಗಿ ತನ್ನ ಪಾದ ನೋಡಿಕೊಂಡ್ಲು! ಇಂಗ್ಲಿಷಿನ ಲೆಫ್ಟ್ ಆಕಿಗೆ ಎಡಗೈ ಆದಂಗ ನಮ್ಮ ಕನ್ನಡದ ಕಾಲು ಆಕಿಗೆ ಪಾದ ಆಗಿತ್ತು. ನಾ ಹಾಳಿ ಮ್ಯಾಲೆ ಚಿತ್ರಾ ತಗದೆ, ಬಣ್ಣಾ ತುಂಬಿದೆ, ದನಿ ಏರಿಸಿದೆ. ಏನೂ ಆಗಲಿಲ್ಲ.

ಕಸಾ ಹೊಡೀತಿದ್ದ ಅವರವ್ವ ಕಸಬರಗಿ ಬಿಟ್ಟು ಬಂದ್ಲು. ತಾ ಕಟಗೊಂಡು ಬಂದ ಬುತ್ತಿ ಗಂಟಿನ್ಯಾಗಿಂದ ಒಂದು ರೊಟ್ಟಿ ತಗದ್ಲು. ಅವರು ಅದಕ್ಕ ಬಾಟಿ ಅಂತಾರಂತ. ಮೊದಲ ಎರಡು ಮಾಡಿದ್ಲು, ಆಮ್ಯಾಲೆ ನಾಲ್ಕು. ಒಂದು ತುಣುಕು ಹುಡುಗಿ ಕೈಯಾಗ ಕೊಟ್ಟು ಲಂಬಾಣ್ಯಾಗ ಏನೇನೋ ಹೇಳಿದ್ಲು. ನಡಕ ‘ಪಾವ’ ಅನ್ನೋದೊಂದ ನನಗ ತಿಳೀತು. ಅಂಗಡಿಯಿಂದ ಪಾವ ಕಿಲೋ ಬ್ಯಾಳಿ ತಾ ಅಂತೀವಲ್ಲ, ಆ ಪಾವ. ಹುಡುಗಿ ತಾ ಬ್ಯಾಳಿ ತಂದ ಲೆಕ್ಕಾ ನೆನಸಿಕೊಂಡ್ಲು. ಮೂರು ತುಣುಕು ಜೋಡಿಸಿ ‘ಥ್ರೀ ಕ್ವಾರ್ಟರ್, ಮುಕ್ಕಾಲು’ ಅಂದ್ಲು. ನಾಲ್ಕನೇದನ್ನ ತಿಂದ್ಲು.

ಅಕ್ಷರಾ ಬರಲಾರದ ಆ ಬಾಯಿ ನನ್ನ ಅರ್ಧಾ ತಾಸಿನ ಕೆಲಸಾ ಎರಡು ನಿಮಿಷದಾಗ ಮುಗಿಸಿ ಮತ್ತ ಕಸಬರಗಿ ಹಿಡಿದ್ಲು. ‘ನನಗೇನ ಬರ್ತೈತ್ರಿ ಬಾಯಾರ, ನಾ ಸಾಲಿ ಕಲ್ತಾಕಿ ಅಲ್ಲ’ ಅಂತ ಮ್ಯಾಲೆ ಮತ್ತ ಅಂದ್ಲು. ಅವತ್ತಿನಿಂದ ನಾ ನನ್ನ ಕಟ್ಟಿ ಸಾಲಿ ಕಾಯದೆ ಬದಲಿ ಮಾಡಿದೆ. ಹೊಸಾ ಪಾಠ ಇದ್ರ ಮೊದಲ ತಾಯಿ ಮಗಳು ತಮ್ಮ ಮಾತಿನ್ಯಾಗ ಮಾತಾಡಬೇಕು. ಆಮ್ಯಾಲೆ ಹುಡುಗಿ ನನಗ ಕನ್ನಡದಾಗ ತಿಳಿಸಿ ಹೇಳಬೇಕು. ಕಡೀಕ ಇಂಗ್ಲಿಷಿನ ಹೆಸರು. ಹೆಸರು ಕಡೀಕ ಬಂದ್ರ ಗೂಟಕ್ಕ ದಾವಣಿ ಕಟ್ಟಿದಂಗ ಗಟ್ಟಿಯಾಗಿ ಕೂಡ್ತದ. ಮೊದಲ ಬಂದ್ರ ಬರೇ ದಾವಣಿ, ಕಟ್ಟಲಿಕ್ಕೆ ಗೂಟಾನ ಇಲ್ಲ.

ಈ ಏಳು ವರ್ಷದಾಗ ಪೇಪರಿನ್ಯಾಗ ಸಾಲಿ-ಭಾಷಾದ ಸುದ್ದಿ ಬಂದ್ರ ನಾ ಕತ್ತರಿಸಿ ಇಟಗೋತಾ ಬಂದೇನಿ. ಅದರಾಗಿಂದ ನಾಲ್ಕು ಮಾತು ಹೇಳ್ತೀನಿ, ಮನ್ಯಾಗ ವಾದಾ ಬಿದ್ದಾಗ ಉಪಯೋಗ ಆಗ್ತಾವ. 1994ರಾಗ ನಮ್ಮ ಸರ್ಕಾರ ಒಂದರಿಂದ ನಾಲ್ಕನೇತ್ತಾದ ತನಕಾ ಕನ್ನಡ ಅಥವಾ ಮಾತೃಭಾಷಾದಾಗ ಕಲಿಸಬೇಕು ಅಂತ ಆದೇಶ ಮಾಡಿತ್ತು. ಅದು ಕೋರ್ಟಿಗೆ ಹೋತು. 2014ರ ಮೇ 6ಕ್ಕ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಗುವಿನ ಮಾತೃಭಾಷಾ ಯಾವುದು ಅಂತ ಹೇಳೋರು ತಂದಿ-ತಾಯಿ, ಸರ್ಕಾರ ಮಾಧ್ಯಮಾ ಹೇರಲಿಕ್ಕೆ ಬರೂದಿಲ್ಲ ಅಂತು. ಇನ್ನೊಂದು ಕಡೆ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಾಗ ಮಾತೃಭಾಷಾದಾಗ ಕಲಿಯೋ ಸೌಲಭ್ಯ ಮಾಡಿ ಕೊಡ್ಲಿಕ್ಕೆ ನೋಡಬೇಕು ಅಂತ ಸಂವಿಧಾನದ 350ಎ ವಿಧಿ ಹೇಳ್ತದ. ಅದು 1956ರಾಗ ಸೇರಿದ್ದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯ ಇದ್ದಲ್ಲೆ ಕನಿಷ್ಠ ಐದನೇತ್ತಾದ ತನಕಾ ಮನಿ ಭಾಷಾ ಇರಲಿ ಅಂತದ. ನಮ್ಮ ರಾಜ್ಯದ್ದ ಶಿಕ್ಷಣ ನೀತಿ ಆಯೋಗಾನೂ 2025ರ ಆಗಸ್ಟ್‌ನಾಗ ವರದಿ ಕೊಟ್ಟು, ಐದನೇತ್ತಾದ ತನಕಾ ಕನ್ನಡ ಅಥವಾ ಮಾತೃಭಾಷಾ ಮಾಧ್ಯಮ ಇರಬೇಕು ಅಂದದ. ಮಾತು ಹಿಂಗ ನಡದದ, ಜೋಡೀಲೆ ಸರ್ಕಾರಿ ಸಾಲ್ಯಾಗ ಇಂಗ್ಲಿಷ್ ವಿಭಾಗಾನೂ ನಡದಾವ. ಎರಡರ ನಡಕ ಪಾಟೀಚೀಲಾ ಹೊತ್ತು ನಿಂತದ್ದು ಮಾತ್ರ ಆ ಕೂಸು.

ನನಗ ತಿಳದದ್ದು ಇಷ್ಟು. ಇಂಗ್ಲಿಷು ಕಲಿಯೋದು ಬ್ಯಾರೆ, ಇಂಗ್ಲಿಷಿನ್ಯಾಗ ಕಲಿಯೋದು ಬ್ಯಾರೆ. ಕನ್ನಡ ಸಾಲ್ಯಾಗೂ 2007ರಿಂದ ಒಂದನೇತ್ತಾದಿಂದ ಇಂಗ್ಲಿಷು ಅದ. ಅದನ್ನ ಗಟ್ಟಿ ಮಾಡಿ ಕಲಿಸಿದ್ರ ಎಷ್ಟೋ ತಾಯಂದ್ರು ಸಂಘದ ಸಾಲಾ ತಗೀತಿದ್ದಿಲ್ಲ. ಹಂಗಂತ ಬಡವರ ಮಕ್ಕಳಿಗೆ ಮಾತ್ರ ‘ನೀವು ಕನ್ನಡಾ ಉಳಸ್ರಿ’ ಅಂತ ಹೇಳೋ ಅಧಿಕಾರ ನನಗಿಲ್ಲ. ಹೇಳಬೇಕಂದ್ರ 1992ರಾಗ ನಮ್ಮನಿಯಿಂದ ಸುರು ಆಗಬೇಕಿತ್ತು.

ಈಗ ಹುಡುಗಿ ಏಳನೇತ್ತಾ. ಎತ್ತರ ಆಗ್ಯಾಳ, ಎರಡು ಹೆ಼ಳಲು ಹಾಕ್ಕೋತಾಳ. ಹೋದ ಮಳಿಗಾಲದಾಗ ಒಂದಿನಾ ಕಟ್ಟಿ ಮ್ಯಾಲೆ ವಿಜ್ಞಾನದ ಪುಸ್ತಕಾ ಬಿಚ್ಚಿಕೊಂಡು ಕೂತಿದ್ಲು. ಅದರಾಗ ಪಾಠ ಕನ್ನಡದಾಗೂ ಅದ, ಇಂಗ್ಲಿಷಿನ್ಯಾಗೂ ಅದ. ದ್ಯುತಿಸಂಶ್ಲೇಷಣೆ ಅಂತ ಒಂದು ಕಡೆ, ಫೋಟೋಸಿಂಥೆಸಿಸ್ ಅಂತ ಇನ್ನೊಂದು ಕಡೆ. ಆಕಿ ಎರಡೂ ಕಡೆ ಬಟ್ಟು ಇಟ್ಟು ಓದಿಕೋತಿದ್ಲು. ನಾ ಚಹಾ ತಗೊಂಡು ಬಂದಾಕಿ ಅಲ್ಲೇ ನಿಂತೆ. ನಾ ರಾತ್ರಿ ಹನ್ನೆರಡರ ತನಕಾ ಸೀಸಾಕಡ್ಡಿಲೆ ಬರಕೋತಿದ್ನೆಲ್ಲ, ಅದನ್ನ ಯಾರೋ ಮೊದಲ ಬರದು ಅಚ್ಚು ಹಾಕಿಸಿ ಕೊಟ್ಟಂಗ ಇತ್ತು ಆ ಪುಸ್ತಕ.

‘ಯಾಕ್ರಿ ಅಜ್ಜಿ?’ ಅಂದ್ಲು.

‘ಏನಿಲ್ಲ, ಚಹಾ ಕುಡಿ’ ಅಂದೆ.

ಎಲ್ಲಾ ಛಂದ ಆಗೇದ ಅಂತ ತಿಳೀಬ್ಯಾಡ್ರಿ. ಆಕಿ ಇಂಗ್ಲಿಷ್ ಓದ್ತಾಳ, ಮಾತಾಡ್ಲಿಕ್ಕೆ ನಾಚ್ತಾಳ. ಗಣಿತದ ಮಾಸ್ತರು ವರ್ಗಾ ಆಗಿ ಹೋಗಿ ಐದು ತಿಂಗಳ ಆ ಜಾಗಾ ಖಾಲಿ ಇತ್ತು. ಒಂದನೇತ್ತಾದಾಗ ಜೋಡಿ ಇದ್ದ ಎಷ್ಟೋ ಹುಡುಗೂರು ಕೊರೊನಾ ಆದ ಮ್ಯಾಲೆ ತಿರಗಿ ಬರಲೇ ಇಲ್ಲ. ಅವರವ್ವಂದ್ರು ಕೆಲಸಾ ಮಾಡೋ ಮನ್ಯಾಗ ಕಟ್ಟಿ ಇತ್ತೋ ಇಲ್ಲೋ, ಯಾರಿಗೆ ಗೊತ್ತು?

ಸಂಕ್ರಮಣ ಆಗಿ ಎರಡು ದಿವಸಕ್ಕ ಆಕಿ ಉತ್ತರಾ ಕೇಳಲಿಕ್ಕೆ ಬಂದ್ಲು. ನಾ ಯಾವ ಸಾಲಿ ಹೆಸರೂ ಹೇಳಲಿಲ್ಲ. ಒಂದು ಹಾಳಿ ಮ್ಯಾಲೆ ನಾಲ್ಕು ಪ್ರಶ್ನಿ ಬರದಿಟ್ಟಿದ್ದೆ. ನಿಮಗೂ ಹೇಳ್ತೀನಿ, ಹೆಸರ ಹಚ್ಚೋಕಿಂತ ಮೊದಲ ಕೇಳ್ರಿ. ಗಣಿತ-ವಿಜ್ಞಾನಕ್ಕ ಕಾಯಂ ಶಿಕ್ಷಕರು ಇದ್ದಾರೋ ಇಲ್ಲೋ? ಇಂಗ್ಲಿಷಿನ್ಯಾಗ ತಿಳೀಲಿಲ್ಲಂದ್ರ ಕನ್ನಡದಾಗ ತಿಳಿಸಿ ಹೇಳ್ತಾರೋ ಇಲ್ಲೋ? ಎರಡೂ ಭಾಷಾದ ಪುಸ್ತಕ ಹುಡುಗೂರ ಕೈಗೆ ಕೊಡ್ತಾರೋ, ಕಪಾಟಿನ್ಯಾಗ ಕೀಲಿ ಹಾಕಿ ಇಡ್ತಾರೋ? ಹುಡುಗಿ ಒಬ್ಬಾಕಿನ ನಡಕೊಂಡು ಹೋಗಿ ಬರೋ ದಾರಿ ಹೆಂಗದ?

ಹಾಳಿ ಓದಿ ಮುಗಿಸಿ ತಲಿ ಎತ್ತಿದ್ರ, ಹುಡುಗಿ ಬಾಗಲದಾಗ ನಿಂತು ಕೇಳಲಿಕ್ಕೆ ಹತ್ತಿತ್ತು. ಏಳು ವರ್ಷದಾಗ ನಾವಿಬ್ಬರೂ ಆಕೀನ್ನ ಒಮ್ಮೆನೂ ಕೇಳಿದ್ದಿಲ್ಲ ಅನ್ನೋದು ನನಗ ಅವಾಗ ಹೊಳೀತು.

‘ನಿನಗ ಯಾವ ಸಾಲಿ ಬೇಕವಾ?’ ಅಂದೆ.

ಆಕಿ ಅವ್ವನ ಮಾರಿ ನೋಡಿದ್ಲು, ನನ್ನ ಮಾರಿ ನೋಡಿದ್ಲು. ‘ಯಾವುದಾದ್ರೂ ನಡೀತೈತ್ರಿ ಅಜ್ಜಿ. ತಿಳೀಲಿಲ್ಲ ಅಂದ್ರ ನಗಬಾರದ್ರಿ, ಅಷ್ಟ.’

ನನ್ನ ಪಿ.ಯು.ಸಿ. ಕಥಿ ನಾ ಆಕಿಗೆ ಎಂದೂ ಹೇಳಿದ್ದಿಲ್ಲ. ಅಂದ್ರ ಆಕೀನೂ ಎಲ್ಲೋ ಎದ್ದು ನಿಂತು ಆ ನಗಿ ಕೇಳ್ಯಾಳ. ಯಾವಾಗ, ಎಲ್ಲೆ ಅಂತ ಕೇಳೋ ಧೈರ್ಯ ನನಗ ಆಗಲಿಲ್ಲ. ಹಾಳಿ ಮ್ಯಾಲೆ ಐದನೇ ಪ್ರಶ್ನಿ ಬರದೆ.

ಸೋಮವಾರ ಹತ್ತು ಗಂಟೆಕ್ಕ ನಾವು ಮೂರೂ ಮಂದಿ ಎರಡು ಹೈಸ್ಕೂಲು ನೋಡ್ಲಿಕ್ಕೆ ಹೊಂಟೇವಿ. ಹುಡುಗಿ ಪ್ರಶ್ನಿ ಹಾಳಿ ತನ್ನ ಕೈಯಾಗ ಇಟಗೊಂಡಾಳ, ತಾನ ಕೇಳ್ತಾಳಂತ. ನಿಮ್ಮ ಹುಡುಗೂರು ಹೋಗೋ ಸಾಲ್ಯಾಗ ತಿಳೀಲಾರದ್ದನ್ನ ಕೇಳಿದ್ರ ನಗಲಾರದ ಮಾಸ್ತರು, ಅಕ್ಕೋರು ಯಾರರೆ ಇದ್ರ ನನಗೊಂದು ಫೋನ್ ಮಾಡ್ರಿ. ಭಾನುವಾರ ದಿನಾ ಪೂರ್ತಿ ಮನ್ಯಾಗ ಇರ್ತೀನಿ.